ಹಾದಿಯ ಹಕ್ಕು, ವೇಗದ ಹಂಬಲ

ಮನುಷ್ಯರು ಕೂಡಿ ಮಾಡಿಕೊಂಡ ಹಳೆಯ ಆಸ್ತಿಗಳಲ್ಲಿ ಹಾದಿಯೂ ಒಂದು. ಹೊಲಕ್ಕೆ ಒಡೆಯನುಂಟು, ಮನೆಗೆ ಒಡೆಯನುಂಟು. ಹಾದಿಗೆ ಒಬ್ಬ ಒಡೆಯನಿಲ್ಲ. ನಡೆಯುವವನು ನಡೆಯುವಷ್ಟು ಹೊತ್ತು ಅದು ಅವನದು. ಅವನು ದಾಟಿಹೋದ ಮರುಗಳಿಗೆ ಹಿಂದೆ ಬರುವವನದು. ಹೀಗೆ ಯಾರೊಬ್ಬರದೂ ಅಲ್ಲದೆ ಎಲ್ಲರದೂ ಆಗಿರುವ ಈ ಆಸ್ತಿಯನ್ನು ಕೆಲವರು ಕೆಲವು ಹೊತ್ತು ತಮ್ಮದನ್ನಾಗಿ ಮಾಡಿಕೊಳ್ಳಬಹುದೇ? ಬಹುದಾದರೆ ಯಾರನ್ನು ಕೇಳಿ, ಯಾವ ಕಟ್ಟುಪಾಡಿನ ಮೇಲೆ? ಈ ಬರಹದಲ್ಲಿ ನಾವು ವಿಚಾರಿಸಲು ಹೊರಟಿರುವುದು ಇಷ್ಟನ್ನೇ.

ಗಡಿನಾಡಿನ ಕನ್ನಡಿಗರಾದ ನಮಗೆ ಹಾದಿಯ ಬೆಲೆ ಬೇರೆಯವರಿಗಿಂತ ತುಸು ಹೆಚ್ಚಾಗಿಯೇ ಗೊತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಬಂದಿತು. ಮೊದಲಿನಿಂದಲೂ ಅದೇ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಹೀಗೆ ಬದಲಾದರೂ ರಾಯದುರ್ಗದಿಂದ ಮೊಳಕಾಲ್ಮೂರಿಗೂ ಬಳ್ಳಾರಿಗೂ, ಮಡಕಶಿರದ ಕಡೆಯಿಂದ ಪಾವಗಡಕ್ಕೂ ಶಿರಾಕ್ಕೂ ಹೋಗುವ ಹಾದಿಗಳು ಮಾತ್ರ ಹಾಗೆಯೇ ಉಳಿದವು. ಹೆಣ್ಣು ಕೊಡುವುದು ತರುವುದು, ಸಂತೆ, ಆಸ್ಪತ್ರೆ, ಮಕ್ಕಳ ಓದು, ಕನ್ನಡದ ಪುಸ್ತಕ ಎಲ್ಲವೂ ಆ ಹಾದಿಗಳ ಮೇಲೆಯೇ ನಡೆದುಬಂದಿವೆ. ರಾಜ್ಯ ಎರಡಾದಾಗ ನಮ್ಮನ್ನು ಒಂದಾಗಿ ಉಳಿಸಿದ್ದು ಭಾಷೆ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ; ಆ ಭಾಷೆ ಓಡಾಡಿದ್ದು ಹಾದಿಯ ಮೇಲೆ ಎಂಬುದನ್ನೂ ಜೊತೆಗೆ ನೆನೆಯಬೇಕು.

ಇಂಥ ಹಾದಿಗಳು ಇಂದು ಅಗಲವಾಗಿವೆ, ನುಣುಪಾಗಿವೆ. ಬಯಲುಸೀಮೆಯಾದುದರಿಂದ ಮೈಲಿಗಟ್ಟಲೆ ನೇರವಾಗಿಯೂ ಇವೆ. ಕೈಯಲ್ಲಿ ಬಲವಾದ ಮೋಟಾರ್‌ಸೈಕಲ್ಲು, ಮುಂದೆ ನೇರವಾದ ರಸ್ತೆ, ಪಕ್ಕದಲ್ಲಿ ಸವಾಲು ಹಾಕುವ ಗೆಳೆಯ, ಈ ಮೂರೂ ಕೂಡಿದಲ್ಲಿ ಪಂದ್ಯ ತಾನಾಗಿಯೇ ಹುಟ್ಟುತ್ತದೆ. ವೇಗದ ಹಂಬಲವನ್ನು ಪಾಪವೆಂದು ಕರೆಯುವುದು ನಮ್ಮ ಉದ್ದೇಶವಲ್ಲ. ಎತ್ತಿನ ಗಾಡಿಯ ಓಟಕ್ಕೆ ಊರೇ ನೆರೆದು ಕೇಕೆ ಹಾಕಿದ ಹಿರಿಯರ ಮಕ್ಕಳು ನಾವು. ಆದರೆ ಹಂಬಲ ನ್ಯಾಯವಾದ ಮಾತ್ರಕ್ಕೆ ಅದನ್ನು ತೀರಿಸಿಕೊಳ್ಳುವ ಜಾಗವೂ ನ್ಯಾಯವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಂ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ಪಂದ್ಯವನ್ನಾಗಲಿ ವೇಗಪರೀಕ್ಷೆಯನ್ನಾಗಲಿ ನಡೆಯಗೊಡುವವರೂ ಅದರಲ್ಲಿ ಭಾಗವಹಿಸುವವರೂ ಶಿಕ್ಷಾರ್ಹರು. ಮೊದಲು ಒಂದು ತಿಂಗಳ ಸೆರೆ ಅಥವಾ 500 ರೂಪಾಯಿ ದಂಡದವರೆಗೆ ಇದ್ದ ಶಿಕ್ಷೆ 2019ರ ತಿದ್ದುಪಡಿಯಲ್ಲಿ ಮೂರು ತಿಂಗಳಿಗೆ, 5,000 ರೂಪಾಯಿಗೆ ಏರಿತು. ಮತ್ತೆ ಅದೇ ತಪ್ಪು ಮಾಡಿದರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜನರಿಗೆ ಹೋಗಿಬರುವ ಹಕ್ಕಿರುವ ಪ್ರತಿಯೊಂದು ಹಾದಿ, ಬೀದಿ, ಜಾಗವೂ ಈ ಕಾಯಿದೆಯ ಅರ್ಥದಲ್ಲಿ ಸಾರ್ವಜನಿಕ ಸ್ಥಳವೇ. ಊರಾಚೆಯ ನಿರ್ಜನ ರಸ್ತೆ, ನಡುರಾತ್ರಿಯ ಬೈಪಾಸು ಯಾವುದೂ ಇದಕ್ಕೆ ಹೊರತಲ್ಲ. ಇದು ಕೇಂದ್ರದ ಕಾಯಿದೆ. ಆದ್ದರಿಂದ ಗಡಿಯ ಕಲ್ಲು ದಾಟಿದೊಡನೆ ತಪ್ಪು ಒಪ್ಪಾಗುವುದಿಲ್ಲ. ರಾಯದುರ್ಗದಲ್ಲಿ ಹೊರಟು ಮೊಳಕಾಲ್ಮೂರಿನಲ್ಲಿ ಮುಗಿಯುವ ಪಂದ್ಯವನ್ನು ಯಾರಾದರೂ ನಡೆಸಬಯಸಿದರೆ ಅವರಿಗೆ ಒಂದಲ್ಲ, ಎರಡು ಸರ್ಕಾರಗಳ ಒಪ್ಪಿಗೆ ಬೇಕಾಗುತ್ತದೆ.

ರಸ್ತೆಯನ್ನು ಮುಚ್ಚುವ ಅಧಿಕಾರವನ್ನು ಅದೇ ಕಾಯಿದೆಯ 115ನೆಯ ಕಲಂ ವಿವರಿಸುತ್ತದೆ. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಇಲ್ಲವೇ ರಸ್ತೆ ಸೇತುವೆಗಳ ಸ್ಥಿತಿಯ ಕಾರಣದಿಂದ, ಸರ್ಕಾರ ಒಂದು ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಬಹುದು ಅಥವಾ ಮಿತಿಗೊಳಿಸಬಹುದು. ಆದರೆ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಒಂದು ತಿಂಗಳಿಗೆ ಮೀರದ ನಿರ್ಬಂಧವಾದರೆ ರಾಜ್ಯಪತ್ರ ಬೇಡ, ಸ್ಥಳದಲ್ಲಿ ಸಾಧ್ಯವಾದಷ್ಟು ಪ್ರಚಾರ ಮಾಡಿದರೆ ಸಾಕು. ಈ ಕಲಮನ್ನು ಓದಿದಾಗ ನಮಗೆ ಹಳ್ಳಿಯ ಡಂಗುರ ನೆನಪಾಗುತ್ತದೆ. ಜಾತ್ರೆಗೆ, ಕೆರೆಯ ತೂಬು ಎತ್ತುವುದಕ್ಕೆ, ಊರ ಕೂಟಕ್ಕೆ ತಮಟೆ ಬಾರಿಸಿ ಬೀದಿ ಬೀದಿಯಲ್ಲಿ ಸಾರಿ ಹೇಳುವ ಪದ್ಧತಿ ಇತ್ತು. ‘ನಮಗೆ ಗೊತ್ತಿರಲಿಲ್ಲ’ ಎಂದು ಯಾವ ಮನೆಯವರೂ ಹೇಳುವಂತಾಗಬಾರದು ಎಂಬುದೇ ಅದರ ಹಿಂದಿನ ವಿವೇಕ. ತೊಂದರೆಗೆ ಒಳಗಾಗುವವನಿಗೆ ಮೊದಲೇ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಅವನೂ ಹಾದಿಯ ಪಾಲುದಾರ ಎಂದು ಒಪ್ಪಿಕೊಳ್ಳುವ ರೀತಿ.

ಒಪ್ಪಿಗೆ ಬರಹದಲ್ಲೇ ಇರಬೇಕು ಎಂದು ಕಾನೂನು ಹಟ ಹಿಡಿಯುವುದೇಕೆ? ಬಾಯಿಮಾತಿನ ಒಪ್ಪಿಗೆಗೆ ಎಲ್ಲೆಯಿಲ್ಲ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಎಲ್ಲಿಂದ ಎಲ್ಲಿಯವರೆಗೆ, ಅನಾಹುತವಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಬಾಯಿಮಾತು ಉತ್ತರ ಕೊಡುವುದಿಲ್ಲ, ಬರಹ ಕೊಡಲೇಬೇಕಾಗುತ್ತದೆ. ಕೆಳಗೆ ಸಹಿ ಹಾಕಿದವನು ನಾಳೆ ಜಾರಿಕೊಳ್ಳಲಾರ. ಊರಿನ ನಾಲ್ಕು ಮಂದಿ ದೊಡ್ಡವರು ತಲೆಯಾಡಿಸಿದರು ಎಂಬುದಕ್ಕೂ ಲಿಖಿತ ಒಪ್ಪಿಗೆಗೂ ಇರುವ ಅಂತರ ಇದು. ಕಚೇರಿಯ ಕಾಗದವೆಂದು ನಾವು ಹಗುರವಾಗಿ ಕಾಣುವುದರ ಒಳಗೆ ಮೂರು ನೀತಿಗಳಿವೆ: ಕೇಳಿ ಪಡೆ, ಸಾರಿ ಹೇಳು, ಹೇಳಿದ ಹೊತ್ತಿಗೆ ಮರಳಿಸು. ನೆರೆಮನೆಯ ಕೊಡಲಿ ತರುವುದಕ್ಕೂ ಇದೇ ನೀತಿಯಲ್ಲವೇ?

ಈ ಪ್ರಶ್ನೆಯನ್ನು ಲೋಕ ಮೊದಲು ಎದುರಿಸಿದ್ದು ಮೋಟಾರು ವಾಹನಗಳು ಬಂದ ಹೊಸತರಲ್ಲಿ. 1903ರ ಮೇ 24ರಂದು ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಮೋಟಾರು ಪಂದ್ಯ ಜನ ಓಡಾಡುವ ರಸ್ತೆಗಳಲ್ಲೇ ಸಾಗಿತು. ಚಾಲಕರೂ ಸತ್ತರು, ನೋಡಲು ನಿಂತವರೂ ಸತ್ತರು. ಪಂದ್ಯವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಲಾಯಿತು. ಬ್ರಿಟನ್ನಿನ ನೆಲದಲ್ಲಿ ಪಂದ್ಯಕ್ಕಾಗಿ ರಸ್ತೆ ಮುಚ್ಚಲು ಅವಕಾಶವಿರಲಿಲ್ಲ. ಹೀಗಾಗಿ ಪಂದ್ಯಪ್ರಿಯರು ಐಲ್ ಆಫ್ ಮ್ಯಾನ್ ಎಂಬ ದ್ವೀಪದತ್ತ ತಿರುಗಿದರು. ಆ ದ್ವೀಪದ ಸ್ವಂತ ಸಂಸತ್ತಾದ ಟಿನ್‌ವಾಲ್ಡ್ 1904ರಲ್ಲಿ ಶಾಸನ ಮಾಡಿ ರಸ್ತೆ ಮುಚ್ಚಲು ದಾರಿ ಮಾಡಿಕೊಟ್ಟಿತು. 1907ರಲ್ಲಿ ಅಲ್ಲಿ ಮೋಟಾರ್‌ಸೈಕಲ್ಲುಗಳ ಟಿಟಿ ಪಂದ್ಯ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಸುಮಾರು 60 ಕಿಲೋಮೀಟರಿನ ಆ ಬೆಟ್ಟದ ಸುತ್ತುಹಾದಿಯಲ್ಲಿ ಈವರೆಗೆ ಜೀವ ತೆತ್ತ ಸವಾರರ ಸಂಖ್ಯೆ 250ನ್ನು ದಾಟಿದೆ. ಶಾಸನ ಹಾದಿಯನ್ನು ನ್ಯಾಯವಾಗಿ ಕೊಡಿಸಬಲ್ಲದು, ಸಾವನ್ನು ತಡೆಯಲಾರದು ಎಂಬುದಕ್ಕೆ ಈ ದ್ವೀಪವೇ ಸಾಕ್ಷಿ.

ಬರ್ಮಿಂಗ್‌ಹ್ಯಾಮ್ ನಗರ ತನ್ನ ಬೀದಿಗಳಲ್ಲಿ ಮೋಟಾರು ಪಂದ್ಯ ನಡೆಸಲು 1985ರಲ್ಲಿ ಸಂಸತ್ತಿನಿಂದ ತನಗೆಂದೇ ಒಂದು ಕಾಯಿದೆ ಪಡೆಯಬೇಕಾಯಿತು. 2015ರಲ್ಲಿ ಬ್ರಿಟನ್ನಿನ ಸಂಸತ್ತು ಈ ಕಟ್ಟನ್ನು ಸಡಿಲಿಸಿ, ಸ್ಥಳೀಯ ರಸ್ತೆ ಪ್ರಾಧಿಕಾರಗಳೇ ಪಂದ್ಯಕ್ಕೆ ಆದೇಶ ನೀಡಬಹುದೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಅದು 2017ರಿಂದ ಜಾರಿಗೆ ಬಂದಿತು. ಆದೇಶ ನೀಡುವ ಮುನ್ನ ಪ್ರಾಧಿಕಾರ ಯೋಚಿಸಬೇಕಾದ ಸಂಗತಿಗಳಲ್ಲಿ ಪಂದ್ಯದಿಂದ ಸ್ಥಳೀಯ ಸಮುದಾಯದ ಮೇಲಾಗುವ ಪರಿಣಾಮವೂ ಒಂದು. ರಸ್ತೆಯ ಪಕ್ಕದಲ್ಲಿ ಬಾಳುವವನ ಮಾತು ಹೀಗೆ ಕಾನೂನಿನೊಳಗೆ ಬಂದಿತು. ನಮ್ಮ 189ನೆಯ ಕಲಮಿನಲ್ಲಿ ಅವನ ಪ್ರಸ್ತಾಪವಿಲ್ಲ. ಸರ್ಕಾರ ಒಪ್ಪಿದರೆ ಎಲ್ಲರೂ ಒಪ್ಪಿದಂತೆ ಎಂಬ ಭಾವನೆ ಅದರಲ್ಲಿದೆ.

ಈ ಭಾವನೆಯನ್ನು ನಾವು ಸುಮ್ಮನೆ ಒಪ್ಪಬೇಕಾಗಿಲ್ಲ. 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದ ರಸ್ತೆಗಳಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆಯಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನ ಐಲ್ಯಾಂಡ್ ಮೈದಾನದ ಸುತ್ತ ಸುಮಾರು 3.5 ಕಿಲೋಮೀಟರಿನ ಬೀದಿ ಸುತ್ತಿನಲ್ಲಿ ರಾತ್ರಿ ಕಾರು ಪಂದ್ಯ ನಡೆಯಿತು. ಅದರ ವಿಚಾರ ಮದರಾಸು ಉಚ್ಚ ನ್ಯಾಯಾಲಯದವರೆಗೆ ಹೋಗಿ, ಷರತ್ತುಗಳ ಮೇಲೆ ಅನುಮತಿ ದೊರೆಯಿತು. ಆ ಕಡೆ 2025ರಲ್ಲಿ, ಗಂಗಾವತಿಯ ವ್ಹೀಲಿ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆರೋಪಿಗೆ ಜಾಮೀನು ನಿರಾಕರಿಸಿ, ಇಂಥ ಚಾಳಿಯನ್ನು ತಡೆಯಲು ಈಗಿರುವ ಕಾನೂನು ಸಾಲದೆಂದು ಅಭಿಪ್ರಾಯಪಟ್ಟಿತು. ಇವನ್ನು ಅಕ್ಕಪಕ್ಕ ಇಟ್ಟು ನಮ್ಮ ಊರಿನ ಹುಡುಗನೊಬ್ಬ ಹೀಗೆ ಕೇಳಬಹುದು: ‘ಕೋಟಿ ಖರ್ಚು ಮಾಡುವವರು ನಗರದ ನಡುವೆ ಓಡಿಸಿದರೆ ಅದು ಕ್ರೀಡೆ, ನಾವು ಊರಾಚೆ ಓಡಿಸಿದರೆ ಅಪರಾಧ. ಇದು ಯಾವ ನ್ಯಾಯ, ಹೇಳಿ ಸಾರ್?’

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ, ಸರಿಯಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಲಿಖಿತ ಒಪ್ಪಿಗೆಯ ಬಾಗಿಲು ಹಣವಂತನಿಗೆ ತೆರೆದಷ್ಟು ಸುಲಭವಾಗಿ ಬಡವನಿಗೆ ತೆರೆಯುವುದಿಲ್ಲ. ಪಂದ್ಯಕ್ಕೆಂದೇ ಕಟ್ಟಿದ ಅಂಕಣಗಳು ಚೆನ್ನೈ ಬಳಿ, ಕೊಯಮತ್ತೂರಿನ ಬಳಿ, ದೆಹಲಿಯ ಆಚೆ ಗ್ರೇಟರ್ ನೊಯ್ಡಾದಲ್ಲಿ ಇವೆ. ರಾಯದುರ್ಗದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹುಡುಗನಿಗೆ ಅವು ಸುದ್ದಿಯಷ್ಟೇ. ಆದರೆ ಉಳಿದರ್ಧವನ್ನೂ ಹೇಳಬೇಕು. ಅಲ್ಲಿ ಪಂದ್ಯದ ಹೊತ್ತಿಗೆ ರಸ್ತೆಗೆ ಬೇಲಿ ಇತ್ತು, ಜನರಿಗೆ ಬದಲಿ ಹಾದಿಯನ್ನು ಮೊದಲೇ ತಿಳಿಸಿದ್ದರು, ಎದುರಿನಿಂದ ಯಾರೂ ಬರುವಂತಿರಲಿಲ್ಲ. ಇಲ್ಲಿ ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ಬರುತ್ತದೆ, ಕುರಿಮಂದೆ ಬರುತ್ತದೆ, ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊತ್ತ 108 ಬರುತ್ತದೆ. ಹುಡುಗ ತನ್ನ ಜೀವವನ್ನು ಪಣಕ್ಕಿಡುವೆನೆಂದು ಹೇಳಿದರೆ ಅವನ ತಂದೆತಾಯಿ ಅಳಬಹುದು, ನಾವು ಬುದ್ಧಿ ಹೇಳಬಹುದು. ಕುರಿ ಕಾಯುವವನ ಜೀವವನ್ನು ಅವನನ್ನು ಕೇಳದೆ ಪಣಕ್ಕಿಟ್ಟರೆ ಅದು ಬರಿಯ ದುಡುಕಲ್ಲ, ಅನ್ಯಾಯ. ತನ್ನದನ್ನು ಪಣಕ್ಕಿಡುವುದಕ್ಕೂ ಪರರದನ್ನು ಪಣಕ್ಕಿಡುವುದಕ್ಕೂ ಇರುವ ಅಂತರವನ್ನು ದ್ಯೂತಸಭೆಯ ಕಥೆ ಕೇಳಿ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸರ್ಕಾರಕ್ಕಾದರೂ ಹಾದಿಯನ್ನು ಕೊಡುವ ಹಕ್ಕು ಎಲ್ಲಿಂದ ಬಂದಿತು? ಸಗೀರ್ ಅಹ್ಮದ್ ಪ್ರಕರಣದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಚಾರವನ್ನು ತೂಗಿ ನೋಡಿತು. ರಸ್ತೆಯನ್ನು ಬಳಸುವ ಜನರ ಹಕ್ಕು ಕಾಯಿದೆಯಿಂದ ಹುಟ್ಟಿದ್ದಲ್ಲ, ಕಾಯಿದೆಗಿಂತ ಹಿಂದಿನದು. ಸರ್ಕಾರ ಜನರ ಪರವಾಗಿ ರಸ್ತೆಯನ್ನು ಕಾಯುವ ಧರ್ಮದರ್ಶಿಯ ಸ್ಥಾನದಲ್ಲಿದೆ ಎಂಬುದು ಅದರ ತಾತ್ಪರ್ಯ. ದೇವಸ್ಥಾನದ ಧರ್ಮದರ್ಶಿ ದೇವರ ಒಡವೆಯನ್ನು ಕಾಯಬಹುದು, ಉತ್ಸವಕ್ಕೆ ತೆಗೆದು ತೊಡಿಸಬಹುದು. ತನ್ನ ಮನೆಯ ಮದುವೆಗೆ ಕೊಡಲಾರ. ಸರ್ಕಾರದ ಒಪ್ಪಿಗೆಯನ್ನೂ ನಾವು ಈ ಅಳತೆಯಿಂದಲೇ ಅಳೆಯಬೇಕು. ಹಾದಿಯನ್ನು ಕೊಟ್ಟಿದ್ದು ಜನರ ಪರವಾಗಿ ಯೋಚಿಸಿಯೋ, ಕೇಳಿದವರ ದರ್ಜೆ ನೋಡಿಯೋ? ಉತ್ತರ ಎರಡನೆಯದಾದರೆ ಕಾಗದ ಕಾನೂನಿಗೆ ಸರಿಯಾಗಿದ್ದೀತು, ನೀತಿಗೆ ಸರಿಯಾಗದು.

‘ಸಾರ್ವಜನಿಕ’ ಎಂಬ ಮಾತು ನಮಗೆ ಪುಕ್ಕಟೆಯಾಗಿ ಬಂದುದಲ್ಲ. ತಿರುವಾಂಕೂರಿನ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಳು ಹೆಸರಿಗೆ ಸಾರ್ವಜನಿಕವಾಗಿದ್ದವು. ಹುಟ್ಟಿನ ಕಾರಣಕ್ಕೆ ಕೆಲವರು ಅಲ್ಲಿ ಕಾಲಿಡುವಂತಿರಲಿಲ್ಲ. 1924ರಲ್ಲಿ ತೊಡಗಿ ಇಪ್ಪತ್ತು ತಿಂಗಳು ನಡೆದ ಸತ್ಯಾಗ್ರಹ ಕೇಳಿದ್ದು ದೇವಸ್ಥಾನದೊಳಗಿನ ಪ್ರವೇಶವನ್ನಲ್ಲ, ಬರಿಯ ನಡೆಯುವ ಹಕ್ಕನ್ನು. ಇಂಥ ಬೀದಿಗಳು ಆ ಒಂದು ಊರಿನಲ್ಲಷ್ಟೇ ಇರಲಿಲ್ಲ ಎಂಬುದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇದ್ದಾರೆ. ಹೀಗೆ ನೋವುಂಡು ಎಲ್ಲರದೂ ಆದ ಹಾದಿಯನ್ನು ಒಂದು ಗಂಟೆಯ ಮಟ್ಟಿಗಾದರೂ ಕೇಳದೆ ಕಿತ್ತುಕೊಳ್ಳುವವರು ತಾವು ಕಿತ್ತುಕೊಂಡುದು ಏನೆಂದು ತಿಳಿದಿರಬೇಕು.

ಈಗ ಈ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ಬರಿಯ ಹುಡುಗರನ್ನು ಅಳೆದರೆ ನ್ಯಾಯವಾಗದು. ಹಾದಿಯನ್ನು ತಡೆಯುವುದು ಮೋಟಾರ್‌ಸೈಕಲ್ಲೊಂದೇ ಅಲ್ಲ. ಸುಗ್ಗಿಯಲ್ಲಿ ರಾಗಿಯ ತೆನೆ, ಹುರುಳಿ ರಸ್ತೆಯ ಮೇಲೆ ಹರಡಿಕೊಳ್ಳುತ್ತವೆ. ಮದುವೆಯ ಚಪ್ಪರ ಬೀದಿಗೆ ಅಡ್ಡ ನಿಲ್ಲುತ್ತದೆ. ರಾಜಕೀಯ ಸಭೆ ಸರ್ಕಲ್ಲನ್ನು ಹಿಡಿಯುತ್ತದೆ. 2022ರ ಡಿಸೆಂಬರ್ 28ರಂದು ಕಂದುಕೂರಿನ ರಸ್ತೆಸಭೆಯ ನೂಕುನುಗ್ಗಲಿನಲ್ಲಿ ಎಂಟು ಮಂದಿ ಸತ್ತರು. ಅದರ ಬೆನ್ನಿಗೇ ಆಂಧ್ರ ಸರ್ಕಾರ ರಸ್ತೆಗಳ ಮೇಲಿನ ಸಭೆಗಳನ್ನು ನಿರ್ಬಂಧಿಸಿ 2023ರ ಜನವರಿಯಲ್ಲಿ 1ನೆಯ ಸಂಖ್ಯೆಯ ಆದೇಶ ಹೊರಡಿಸಿತು. ಮೇ ತಿಂಗಳಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಬೀದಿಯಲ್ಲಿ ಸಭೆ ಸೇರುವುದನ್ನು ಕ್ರಮಕ್ಕೆ ಒಳಪಡಿಸಬಹುದು, ಪೂರ್ತಿ ಇಲ್ಲವೆನ್ನಲಾಗದು ಎಂದು ಹಿಮ್ಮತ್ ಲಾಲ್ ಷಾ ಪ್ರಕರಣದಲ್ಲಿ 1972ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಸಾರ್ವಜನಿಕ ಹಾದಿಯನ್ನು ಕೊನೆಯಿಲ್ಲದಂತೆ ಹಿಡಿದಿಡಲಾಗದು ಎಂದು 2020ರಲ್ಲಿ ಅದೇ ನ್ಯಾಯಾಲಯ ಶಾಹೀನ್ ಬಾಗ್ ಪ್ರಕರಣದಲ್ಲಿ ಹೇಳಿತು. ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದರೆ ಒಂದು ಹದ ಕಾಣುತ್ತದೆ: ಹಾದಿ ನಡೆಯುವುದಕ್ಕೂ ಇದೆ, ಕೂಡುವುದಕ್ಕೂ ಇದೆ, ಒಂದು ಮತ್ತೊಂದನ್ನು ನುಂಗಬಾರದು.

ಹಾದಿ ತಡೆಯುವ ಎಲ್ಲವೂ ಒಂದೇ ತೂಕದವು ಎಂದು ನಾವು ಹೇಳುತ್ತಿಲ್ಲ. ಕಣವಿಲ್ಲದ ರೈತ ತೆನೆ ಹರಡುವುದು ಹೊಟ್ಟೆಗಾಗಿ. ಪಂಚಾಯ್ತಿಗೊಂದು ಸಿಮೆಂಟು ಕಣವಿದ್ದರೆ ಅವನು ರಸ್ತೆಗೆ ಬರಲಾರ. ದನಿಯಿಲ್ಲದವರು ಬೀದಿಗಿಳಿಯುವುದು ಬೇರೆಲ್ಲಿಯೂ ಅವರ ಮಾತು ಕೇಳಿಸದಿದ್ದಾಗ. ತೇರಿನ ವಿಚಾರವೂ ಬೇರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ನಮ್ಮ ಕಡೆಯಿಂದ ಹೋಗಿಬರುವವರೆಲ್ಲ ಬಲ್ಲಂತೆ, ತೇರು ಬೀದಿಯನ್ನು ಜನರಿಂದ ತುಂಬುತ್ತದೆ. ಪಂದ್ಯ ಬೀದಿಯಿಂದ ಜನರನ್ನು ತೆರವು ಮಾಡುತ್ತದೆ. ಮಿಣಿಗೆ ಕೈಹಾಕಿದ ಮುದುಕನ ನಡಿಗೆಗಿಂತ ತೇರು ವೇಗವಾಗಿ ಹೋಗುವುದಿಲ್ಲ. ಪಂದ್ಯದಲ್ಲಿ ಹಿಂದುಳಿದವನಿಗೆ ಜಾಗವೇ ಇಲ್ಲ. ಆದರೆ ತೇರಿನ ದಿನವೂ ಎದೆನೋವು ಬರುತ್ತದೆ, ಮದುವೆಯ ರಾತ್ರಿಯೂ ಹಾವು ಕಚ್ಚುತ್ತದೆ. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ವಿಧಿಸುವ 194ಇ ಕಲಂ 2019ರಲ್ಲಿ ಸೇರಿದೆ. ಅದು ಭಕ್ತಿಯನ್ನೂ ಸಂಭ್ರಮವನ್ನೂ ಕೇಳಿ ಬದಲಾಗುವುದಿಲ್ಲ. ನಮ್ಮ ರಾಜ್ಯೋತ್ಸವದ ಮೆರವಣಿಗೆಗೂ ಅದೇ ಮೂರು ನೀತಿಗಳು ಅನ್ವಯಿಸಬೇಕು: ಕೇಳಿ ಪಡೆ, ಸಾರಿ ಹೇಳು, ಹೊತ್ತಿಗೆ ಮರಳಿಸು. ತಾಯಿ ಭುವನೇಶ್ವರಿಯ ಪಲ್ಲಕ್ಕಿ ರೋಗಿಯೊಬ್ಬನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರೆ ಅವಳ ಗೌರವ ಕುಂದುವುದಿಲ್ಲ, ಹೆಚ್ಚುತ್ತದೆ.

ಇನ್ನು ವೀರದ ಮಾತು. ವೇಗದಲ್ಲಿ ಹುಡುಗರು ಹುಡುಕುವುದು ಬಹುಪಾಲು ವೀರವನ್ನೇ. ತಾನು ಹೆದರುವುದಿಲ್ಲ ಎಂದು ನಾಲ್ಕು ಜನರೆದುರು ತೋರಿಸಿಕೊಳ್ಳುವ ಆಸೆ. ಇದನ್ನು ಹೀಗಳೆಯಬಾರದು. ಹೆಂಜೇರು ಎಂಬ ಹೆಸರಿನ ಇಂದಿನ ಹೇಮಾವತಿಯನ್ನು ರಾಜಧಾನಿಯಾಗಿ ಮಾಡಿಕೊಂಡು ನೊಳಂಬರು ಆಳಿದ ಸೀಮೆ ನಮ್ಮದು. ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಗೊತ್ತು: ಕಲ್ಲಿನಲ್ಲಿ ಉಳಿದವರು ತುರುಗಳನ್ನು ಬಿಡಿಸಿಕೊಂಡು ಬರಲು ಹೋದವರು, ಊರಿನ ಅಳಿವಿನ ಹೊತ್ತಿನಲ್ಲಿ ಅಡ್ಡ ನಿಂತವರು. ಎಷ್ಟು ಬೇಗ ಓಡಿದರೆಂದು ಯಾರಿಗೂ ಕಲ್ಲು ನಿಲ್ಲಿಸಲಿಲ್ಲ. ಯಾರಿಗಾಗಿ ನಿಂತರೆಂದು ನಿಲ್ಲಿಸಿದರು. ಇಂದು ಅದೇ ಹುಡುಗ ಅದೇ ಮೋಟಾರ್‌ಸೈಕಲ್ಲಿನಲ್ಲಿ ನಡುರಾತ್ರಿ ರಕ್ತ ಕೊಡಲು ಬಳ್ಳಾರಿಗೆ ಹೋಗುವುದನ್ನೂ ನಾವು ಕಂಡಿದ್ದೇವೆ. ಧೈರ್ಯಕ್ಕೆ ಕೊರತೆಯಿಲ್ಲ, ಅದಕ್ಕೊಂದು ದಾರಿ ಬೇಕು.

189ನೆಯ ಕಲಂ ಭಾಗವಹಿಸುವವನ ಜೊತೆಗೆ ನಡೆಯಗೊಡುವವನನ್ನೂ ಹೆಸರಿಸುತ್ತದೆ. ನ್ಯಾಯಾಲಯದಲ್ಲಿ ಆ ಮಾತಿಗೆ ಅದರದೇ ಎಲ್ಲೆ ಇದ್ದೀತು. ನೀತಿಯಲ್ಲಿ ಅದು ದೊಡ್ಡ ಮಾತು. ಹದಿನಾರರ ಮಗನ ಕೈಗೆ ಕೀಲಿಕೈ ಕೊಡುವ ತಂದೆ, ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿಯುವ ಗೆಳೆಯ, ನೋಡಿಯೂ ನೋಡದಂತೆ ಹೋಗುವ ಹಿರಿಯ, ಇವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ನಡೆಯಗೊಡುವವರೇ. ಅಪ್ರಾಪ್ತನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ; ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಕಲಿಕೆಯ ಲೈಸೆನ್ಸೂ ಸಿಗದು. ನಮ್ಮ ಸಂಘದ ಮನೆಮನೆಯಲ್ಲೂ ಈ ಮಾತು ಒಮ್ಮೆ ಓದಿ ಹೇಳುವಂತಾದರೆ ಸಾಕು.

ಬೇಡ ಎನ್ನುವುದಷ್ಟೇ ಹಿರಿತನವಲ್ಲ, ಬದಲಿಯನ್ನೂ ತೋರಿಸಬೇಕು. ಗಡಿಯ ಎರಡೂ ಕಡೆಯ ಕನ್ನಡ ಸಂಘಗಳು ಸೇರಿ, ಜನವಸತಿಯಿಂದ ದೂರವಾದ ಒಂದು ಬಯಲಿನಲ್ಲಿ, ಸರ್ಕಾರದ ಒಪ್ಪಿಗೆ ಪಡೆದು, ತಲೆಗವಚ, ವೈದ್ಯರು, ಆಂಬುಲೆನ್ಸು ಇಟ್ಟುಕೊಂಡು ವರ್ಷಕ್ಕೊಮ್ಮೆ ಹುಡುಗರ ಸವಾರಿ ಕೌಶಲಕ್ಕೆ ಅವಕಾಶ ಮಾಡಿಕೊಡುವುದು ಆಗದ ಕೆಲಸವಲ್ಲ. ಆ ಅರ್ಜಿಯನ್ನು ಹುಡುಗರ ಕೈಯಲ್ಲೇ ಬರೆಸಬೇಕು. ಯಾವ ದಿನ, ಎಷ್ಟು ಹೊತ್ತು, ಯಾವ ಜಾಗ, ಹೊಣೆ ಯಾರದು ಎಂದು ಬರೆಯುತ್ತ ಬರೆಯುತ್ತ ಅವರಿಗೆ ಹಾದಿ ಎಂದರೇನು ಎಂಬುದು ತಾನಾಗಿ ತಿಳಿಯುತ್ತದೆ. ಹಕ್ಕನ್ನು ಕಸಿದು ಪಡೆದವನಿಗಿಂತ ಕೇಳಿ ಪಡೆದವನು ಅದನ್ನು ಜೋಪಾನವಾಗಿ ಬಳಸುತ್ತಾನೆ.

ಎರಡು ರಾಜ್ಯಗಳ ನಡುವೆ ಬದುಕುವ ನಮಗೆ ತೆರೆದ ಹಾದಿ ಒಂದು ಸೌಕರ್ಯವಷ್ಟೇ ಅಲ್ಲ, ಬಾಳಿನ ಕಟ್ಟು. ಅದನ್ನು ಮುಚ್ಚುವ ಸಂದರ್ಭ ಬಂದಾಗ, ಅದು ಆಟಕ್ಕಾಗಲಿ ಪೂಜೆಗಾಗಲಿ ಸಭೆಗಾಗಲಿ, ಆ ಹೊತ್ತಿಗೆ ಅಲ್ಲಿ ಇಲ್ಲದವನನ್ನು ಒಮ್ಮೆ ನೆನೆಯೋಣ. ದೂರದ ತಿರುವಿನ ಆಚೆ, ನಮಗೆ ಕಾಣದ ಕಡೆಯಿಂದ, ಅವನು ಮನೆಗೆ ಬರುತ್ತಿರುತ್ತಾನೆ. ಹಾದಿಯಲ್ಲಿ ಅವನಿಗೂ ಪಾಲಿದೆ.